ಸಹಾಯ ಬೇಕು: ದೊಡ್ಡಪತ್ರೆ ಬುಡ ಕೊಳೆಯುತ್ತಿದೆ

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಮಂಡ್ಯದಿಂದ ಅಮ್ಮ ಕೊಟ್ಟ ದೊಡ್ಡಪತ್ರೆ ಕಡ್ಡಿ ಟೆರೇಸ್ ಕುಂಡದಲ್ಲಿ ಚೆನ್ನಾಗಿ ಹಬ್ಬಿತ್ತು. ವಾರಕ್ಕೊಮ್ಮೆ ತಂಬುಳಿ, ಮಳೆ ಬಂದರೆ ಬಜ್ಜಿ. ಈಗ ಹದಿನೈದು ದಿನದಿಂದ ಬುಡ ಕಪ್ಪಾಗಿದೆ. ಬೆರಳಲ್ಲಿ ಒತ್ತಿದರೆ ಮೆತ್ತಗೆ ನೀರು ಬಿಡುತ್ತದೆ. ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆ. ತುದಿ ಮಾತ್ರ ಹಸಿರಾಗಿದೆ, ಘಮವೂ ಹಾಗೇ ಇದೆ.

ನೀರು ಜಾಸ್ತಿಯಾಯ್ತೇನೋ ಅಂತ ನಾಲ್ಕು ದಿನಕ್ಕೊಮ್ಮೆ ಹಾಕಿ ನೋಡಿದೆ. ಕುಂಡದ ತೂತು ಕಟ್ಟಿಕೊಂಡಿತ್ತು, ಬಿಡಿಸಿದೆ. ಮಣ್ಣಿಗೆ ಮರಳು ಬೆರೆಸಿದೆ. (ಅತ್ತೆ ಬೇವಿನಹಿಂಡಿ ಹಾಕು ಅಂದರು, ಅದೂ ಆಯ್ತು.) ಕಪ್ಪು ಮೇಲಕ್ಕೇ ಏರುತ್ತಿದೆ.

ತುದಿ ಕತ್ತರಿಸಿ ಬೇರೆ ಕುಂಡದಲ್ಲಿ ನೆಡೋಣ ಅಂತಿದ್ದೇನೆ. ಆದರೆ ಕಪ್ಪಿನಿಂದ ಎಷ್ಟು ಮೇಲೆ ಕತ್ತರಿಸಬೇಕು? ಕೂಡಲೇ ನೆಡಬೇಕಾ, ಒಂದು ದಿನ ನೆರಳಲ್ಲಿ ಒಣಗಿಸಿ ನೆಡಬೇಕಾ?