ಬೆಟ್ಟದಲ್ಲಿ ಸುಮ್ನೆ ನಡೆಯಬೇಕು, ಪ್ರಾಣಿ ಪಕ್ಷಿನೂ ಕಾಣಬೇಕು: ನಿಮ್ಮ ಅನುಭವ ಹೇಳಿ

ಹೊಸಹೆಜ್ಜೆ:
ನಮಸ್ಕಾರ. ಜನಜಂಗುಳಿ ಇಲ್ಲದ ಬೆಟ್ಟಗಳಲ್ಲಿ ನಿಧಾನವಾಗಿ ನಡೆಯುವುದು ನನಗೆ ತುಂಬಾ ಇಷ್ಟ. ನೆತ್ತಿ ಮುಟ್ಟಲೇಬೇಕು ಎಂಬ ಹಟವೇನೂ ಇಲ್ಲ. ದಾರಿಯಲ್ಲಿ ಹಕ್ಕಿ, ಜಿಂಕೆ, ನರಿ, ಏನಾದರೂ ಕಾಣಲಿ ಎಂಬ ಆಸೆ ಅಷ್ಟೇ. ಆದರೆ ನನಗೆ ಕಾಣುವುದು ಬರೀ ಕಲ್ಲು, ಮರ. ಅದೇ ದಾರಿಯಲ್ಲಿ ಹೋದವರು ಏನೇನೋ ನೋಡಿ ಬರುತ್ತಾರೆ! ಅವರು ಮಾಡುವುದೇನು? ಯಾವ ಹೊತ್ತಿಗೆ ಹೋಗಬೇಕು? ಬೈನಾಕ್ಯುಲರ್ ಬೇಕಾ? ಒಬ್ಬಳೇ ಹೋಗುವಾಗ ಏನು ಜಾಗ್ರತೆ ಮಾಡಬೇಕು? ಒಮ್ಮೊಮ್ಮೆ ಎಂಟು ವರ್ಷದ ಮಗನೂ ಜೊತೆಗಿರುತ್ತಾನೆ.

ಕಾಲುದಾರಿ:
ಮೊದಲು ಕೂರುವುದನ್ನು ರೂಢಿ ಮಾಡಿಕೊಳ್ಳಿ, ನಡೆಯುವುದು ಆಮೇಲೆ. ತಮಾಷೆಗೆ ಹೇಳುತ್ತಿಲ್ಲ. ನಾವು ಕಾಲಿಟ್ಟ ಕೂಡಲೇ ಹತ್ತಿರದ ಹಕ್ಕಿಗಳು ಗಪ್‌ಚಿಪ್ ಆಗುತ್ತವೆ, ಇಲ್ಲವೇ ಎಚ್ಚರಿಕೆಯ ಕೂಗು ಹಾಕುತ್ತವೆ. ಆ ಕೂಗು ಕೇಳಿದ ಜಿಂಕೆ ನಾವು ತಿರುವು ದಾಟುವಷ್ಟರಲ್ಲಿ ಪೊದೆ ಸೇರಿರುತ್ತದೆ. ನಡೆಯುತ್ತಲೇ ಇದ್ದರೆ ನಮ್ಮ ಸುದ್ದಿ ನಮಗಿಂತ ಮುಂದೆ ಓಡುತ್ತಲೇ ಇರುತ್ತದೆ.

ಮರಕ್ಕೆ ಬೆನ್ನು ಕೊಟ್ಟು 20 ನಿಮಿಷ ಕೂತು ನೋಡಿ. ಮೊದಲು ಏನೂ ಆಗುವುದಿಲ್ಲ, ಫೋನ್ ತೆಗೆಯೋಣ ಅನಿಸುತ್ತದೆ. ತೆಗೆಯಬೇಡಿ. ಸ್ವಲ್ಪ ಹೊತ್ತಿಗೆ ಒಣಗಿದ ಎಲೆ ಕೆದಕುವ ಸದ್ದು ಶುರುವಾಗುತ್ತದೆ, ಬಾಯಿ ಮುಚ್ಚಿದ್ದ ಹಕ್ಕಿಗಳು ಒಂದೊಂದೇ ದನಿ ತೆಗೆಯುತ್ತವೆ. ಕಾಡಿನ ನಡುವೆ ಕೂರುವುದಕ್ಕಿಂತ ಅಂಚಿನಲ್ಲಿ ಕೂತರೆ ಲಾಭ ಜಾಸ್ತಿ. ಮರಗಳು ಮುಗಿದು ಹುಲ್ಲು ಶುರುವಾಗುವ ಜಾಗ, ನೀರು ಹರಿಯುವ ಜಾಗ, ಇಂಥವು.

ಇನ್ನು ಗಾಳಿ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಅರ್ಧ ಆಟ ಇದರದ್ದೇ. ಹೆಚ್ಚಿನ ಪ್ರಾಣಿಗಳು ನಮ್ಮನ್ನು ನೋಡುವ ಮೊದಲೇ ಮೂಸಿ ಗುರುತಿಸುತ್ತವೆ. ರಾತ್ರಿ ಇಳಿಜಾರು ತಣ್ಣಗಾಗುತ್ತದೆ, ತಂಪು ಗಾಳಿ ಭಾರವಾಗಿ ಕೆಳಕ್ಕೆ ಹರಿಯುತ್ತದೆ. ಹಾಗಾಗಿ ಮೋಡವಿಲ್ಲದ, ಜೋರು ಗಾಳಿಯಿಲ್ಲದ ಬೆಳಗಿನ ಜಾವ ಹತ್ತುವಾಗ ಗಾಳಿ ನಿಮ್ಮ ಮುಖಕ್ಕೆ ಬಡಿಯುತ್ತದೆ, ನಿಮ್ಮ ವಾಸನೆ ಬೆನ್ನ ಹಿಂದೆ ಉಳಿಯುತ್ತದೆ. ಬಿಸಿಲು ಬಿದ್ದು ಬಂಡೆ ಕಾದ ಮೇಲೆ ಲೆಕ್ಕ ಉಲ್ಟಾ. ಬಿಸಿ ಗಾಳಿ ಇಳಿಜಾರಿನ ಗುಂಟ ಮೇಲೇರುತ್ತದೆ. ಆಗ ಹತ್ತಲು ಶುರು ಮಾಡಿದರೆ ನಿಮ್ಮ ಬೆವರಿನ ವಾಸನೆ ನಿಮಗಿಂತ ಮೊದಲು ನೆತ್ತಿ ಮುಟ್ಟಿರುತ್ತದೆ. ಬೆಳಕು ಹರಿಯುವಾಗ ಹತ್ತಿ, ಬಿಸಿಲೇರಿದ ಮೇಲೆ ಇಳಿಯಿರಿ. ಎರಡೂ ಸಲ ಗಾಳಿ ಎದುರಿನಿಂದಲೇ ಬರುತ್ತದೆ. ಅನುಮಾನ ಬಂದರೆ ಚಿಟಿಕೆ ಒಣ ಮಣ್ಣು ಎತ್ತಿ ಬಿಡಿ, ಯಾವ ಕಡೆ ಹಾರುತ್ತದೆ ಎಂದು ಗೊತ್ತಾಗುತ್ತದೆ.

ಬಟ್ಟೆ ಮಾಸಲು ಬಣ್ಣದ್ದಾದರೆ ಸಾಕು. ಕೆಂಪು, ಕೇಸರಿ ಜಿಂಕೆಯ ಕಣ್ಣಿಗೆ ಅಷ್ಟಾಗಿ ಎದ್ದು ಕಾಣುವುದಿಲ್ಲ. ನೀಲಿ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಆ ನೀಲಿ ಜೀನ್ಸ್ ಮನೆಯಲ್ಲಿರಲಿ. ಸರಸರ ಅನ್ನುವ ಮಳೆ ಜಾಕೆಟ್ ಕೂಡ ಮಳೆ ಬಂದಾಗಲೇ ಚೀಲದಿಂದ ಹೊರಗೆ ಬರಲಿ.

ತಡವಾಗಿಏಳುವವ:
ಎಲ್ಲರೂ "ಬೆಳಗಿನ ಜಾವ" ಎಂದು ಹೆದರಿಸುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಾಡುವ ಹಕ್ಕಿಗೆ, ಮೇಯುವ ಪ್ರಾಣಿಗೆ ಬೆಳಗ್ಗೆ ಮತ್ತು ಸಂಜೆ ಸರಿ, ಒಪ್ಪುತ್ತೇನೆ. ಆದರೆ ಹದ್ದು, ಗಿಡುಗ, ರಣಹದ್ದು ನೋಡಬೇಕಾದರೆ ಆರಾಮಾಗಿ ನಿದ್ದೆ ಮುಗಿಸಿ ಬನ್ನಿ. ನೆಲ ಕಾದು ಬಿಸಿ ಗಾಳಿ ಮೇಲೇಳುವ ತನಕ ಅವು ಹೆಚ್ಚಾಗಿ ಕೊಂಬೆ ಬಿಟ್ಟು ಏಳುವುದೇ ಇಲ್ಲ. ಎದ್ದ ಮೇಲೆ ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಮೇಲೇರುವುದನ್ನು ನೋಡಲು ಬೆಟ್ಟದ ಅಂಚಿನಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ. ಕೆಲವೊಮ್ಮೆ ಅವು ನಮಗಿಂತ ಕೆಳಗೆ ಹಾರುತ್ತಿರುತ್ತವೆ, ಬೆನ್ನಿನ ಬಣ್ಣ ಕಾಣುತ್ತದೆ. ಚಿಟ್ಟೆ, ಹಲ್ಲಿ, ಓತಿಕ್ಯಾತಗಳೂ ಬಿಸಿಲು ಬಿದ್ದ ಮೇಲೆಯೇ.

ಗಾಜುಕಣ್ಣು:
ಬೈನಾಕ್ಯುಲರ್ ಬೇಕು, ಆದರೆ ದೊಡ್ಡ ನಂಬರ್ ಹಿಂದೆ ಬೀಳಬೇಡಿ. 8×42 ಎಂದರೆ 8 ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಅಂಗಡಿಯವರು 10 ಅಥವಾ 12 ಪಟ್ಟಿನದ್ದು ಕೊಡಲು ನೋಡುತ್ತಾರೆ. ಏರು ಹತ್ತಿ ಏದುಸಿರು ಬಿಡುವಾಗ ಅದರಲ್ಲಿ ಹಕ್ಕಿ ಕುಣಿಯುತ್ತದೆ, ಮುಖ ಮೂತಿ ತಿಳಿಯುವುದಿಲ್ಲ. 8×25ರಂಥ ಚಿಕ್ಕವು ಹಗುರ, ಆದರೆ ಮಬ್ಬುಗತ್ತಲಲ್ಲಿ ಮಂಕು. 42ನ್ನು 8ರಿಂದ ಭಾಗಿಸಿದರೆ 5ಕ್ಕಿಂತ ಸ್ವಲ್ಪ ಜಾಸ್ತಿ, 25ನ್ನು ಭಾಗಿಸಿದರೆ ಸುಮಾರು 3. ಕಣ್ಣಿಗೆ ಬರುವ ಬೆಳಕಿನ ಕಂಡಿ ಇಷ್ಟು ಮಿಲಿಮೀಟರ್ ಅಗಲ ಎಂದು ಅರ್ಥ. ಕತ್ತಲಾದಂತೆ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಬಳಸುವ ರೀತಿ ಇನ್ನೂ ಮುಖ್ಯ. ಹಕ್ಕಿ ಕಂಡ ಕೂಡಲೇ ಬಗ್ಗಿ ಬೈನಾಕ್ಯುಲರ್ ಹುಡುಕಿದರೆ ಹಕ್ಕಿ ಕಳೆದುಹೋಯಿತು ಅಂತಲೇ. ನೋಟ ಹಕ್ಕಿಯ ಮೇಲೆಯೇ ಇರಲಿ, ಕೈ ಮಾತ್ರ ಮೇಲೆ ಬಂದು ಕಣ್ಣಿಗೆ ಅದನ್ನು ಇಡಲಿ. ಮನೆಯ ಕಿಟಕಿಯಲ್ಲಿ ನಿಂತು ಕಾಗೆಯ ಮೇಲೆ ಅಭ್ಯಾಸ ಮಾಡಿ. ಕಾಗೆಗೇನೂ ಬೇಜಾರಿಲ್ಲ.

ಎರಡುಮಕ್ಕಳಅಮ್ಮ:
ಕಾಲುದಾರಿಯವರೇ, 20 ನಿಮಿಷ ಕೂರುವುದು ಸರಿ, ಎಂಟು ವರ್ಷದ ಹುಡುಗನನ್ನು ಕೂರಿಸುವವರು ಯಾರು? 😀 ಹೊಸಹೆಜ್ಜೆ ಅಕ್ಕಾ, ಮಗನಿಗೆ ಪತ್ತೇದಾರಿ ಕೆಲಸ ಕೊಡಿ. ಪ್ರಾಣಿ ಸಿಗದಿದ್ದರೂ ಅದರ ಗುರುತು ಸಿಕ್ಕೇ ಸಿಗುತ್ತದೆ.

ಮಳೆ ನಿಂತ ಮರುದಿನದ ಕೆಸರು ದಾರಿ ಇದಕ್ಕೆ ಒಳ್ಳೆಯದು. ಹೆಜ್ಜೆಯಲ್ಲಿ ನಾಲ್ಕು ಬೆರಳಿನ ಮುಂದೆ ಉಗುರಿನ ಚುಕ್ಕೆ ಇದೆಯಾ ನೋಡಲು ಹೇಳಿ. ಇದ್ದರೆ ಹೆಚ್ಚಾಗಿ ನಾಯಿ ಅಥವಾ ನರಿ ಜಾತಿ. ಇಲ್ಲದಿದ್ದರೆ ಬೆಕ್ಕಿನ ಜಾತಿ ಇರಬಹುದು, ಅವು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತವೆ. ಗುರುತಿನ ಅಂಚು ಚೂಪಾಗಿದ್ದರೆ ಹೊಸದು. ಅಂಚು ಕುಸಿದು, ಒಳಗೆ ಎಲೆ ಪುಡಿ ಬಿದ್ದಿದ್ದರೆ ಹಳೆಯದು. ನನ್ನ ಮಗಳು ಹಿಕ್ಕೆಯನ್ನು ಕಡ್ಡಿಯಲ್ಲಿ ಬಿಡಿಸಿ ನೋಡುತ್ತಾಳೆ. ಒಮ್ಮೆ ಅದರಲ್ಲಿ ಕಾಡುಹಣ್ಣಿನ ಬೀಜ, ಜೀರುಂಡೆಯ ಹೊಳೆಯುವ ರೆಕ್ಕೆಚಿಪ್ಪು, ಒಂದಿಷ್ಟು ಕೂದಲು ಸಿಕ್ಕಿತು. ಹಿಂದಿನ ದಿನದ ಊಟದ ಪಟ್ಟಿಯೇ ಕೈಗೆ ಸಿಕ್ಕಂತಾಯಿತು ಅವಳಿಗೆ! ಕೈಯಿಂದ ಮಾತ್ರ ಮುಟ್ಟಿಸಬೇಡಿ.

ಗುಂಪಿನಲ್ಲಿ ಮಾತಾಡಲೇಬೇಕು ಎಂದರೆ ಪಿಸುಗುಟ್ಟುವ ಬದಲು ತಗ್ಗಿದ ದನಿಯಲ್ಲಿ ಮಾತಾಡಿ ಎಂದು ನನ್ನ ಅನಿಸಿಕೆ. ಮಕ್ಕಳ ಪಿಸುಮಾತು ಮಾತಿಗಿಂತ ಜೋರು.

ಮೊಣಕಾಲುನೋವು:
ಸುರಕ್ಷತೆಯ ಬಗ್ಗೆ ಯಾರೂ ಬರೆದಿಲ್ಲ. ಒಬ್ಬರೇ ಹೋಗುವುದಾದರೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಬರೆದಿಟ್ಟು ಹೋಗಿ. ಒಂದು ಸೀಟಿ ಇಟ್ಟುಕೊಳ್ಳಿ. ನಿಮಿಷಕ್ಕೆ 6 ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಬೆಟ್ಟಗಳಲ್ಲಿ ಸಹಾಯ ಕೇಳುವ ರೀತಿ. ಕೇಳಿಸಿಕೊಂಡವರ ಮರುಉತ್ತರ ನಿಮಿಷಕ್ಕೆ 3 ಸಲ. ಕೂಗಿ ಗಂಟಲು ಕಟ್ಟಿಸಿಕೊಳ್ಳುವುದಕ್ಕಿಂತ ಎಷ್ಟೋ ವಾಸಿ.

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ನಡೆಯುತ್ತದೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ಹಕ್ಕಿ ನೋಡುತ್ತಾ ಹೋಗುವವರು ಎರಡರಷ್ಟು ಇಟ್ಟುಕೊಳ್ಳಿ, ಮಗ ಜೊತೆಗಿದ್ದರೆ ಇನ್ನೂ ಜಾಸ್ತಿ. ಮೇಲೆ ಚಳಿ ಇರುತ್ತದೆ, ಪ್ರತಿ 1000 ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆ.

ಮಿಂಚು ಕಂಡು ಗುಡುಗು ಕೇಳುವ ತನಕ ಎಣಿಸಿ. 3 ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. 30 ಎಣಿಸುವ ಮೊದಲೇ ಗುಡುಗಿದರೆ ಬೋಳು ನೆತ್ತಿಯಿಂದ ಕೂಡಲೇ ಇಳಿಯಿರಿ. ಒಂಟಿ ಮರದಡಿ ನಿಲ್ಲಬೇಡಿ.

ಹುಲ್ಲಿನಲ್ಲಿ ಹಾವಿನ ಭಯವಿದ್ದರೆ ಹೆಜ್ಜೆ ಸ್ವಲ್ಪ ಭಾರವಾಗಿ ಇಡಿ, ನೆಲದ ಅದುರು ಅದಕ್ಕೆ ತಿಳಿಯುತ್ತದೆ. ಮೈಗೆ ಉಣ್ಣಿ ಕಚ್ಚಿಕೊಂಡರೆ ಚಿಮಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ. ಸುಡುವುದು, ಎಣ್ಣೆ ಹಚ್ಚುವುದು ಬೇಡ.

ಹೊಸಹೆಜ್ಜೆ:
ಎಲ್ಲರಿಗೂ ಧನ್ಯವಾದ! ಗಾಳಿಯ ಲೆಕ್ಕ ನನಗೆ ಹೊಸದು. ಇನ್ನೊಂದು ಪ್ರಶ್ನೆ. ಹಕ್ಕಿಯ ದನಿ ಗುರುತಿಸುವ ಆ್ಯಪ್ ಇಟ್ಟುಕೊಂಡಿದ್ದೇನೆ. ಅದರಲ್ಲೇ ದನಿ ಹಾಕಿದರೆ ಹಕ್ಕಿ ಹತ್ತಿರ ಬರುತ್ತದಂತೆ, ಹೌದಾ?

ಕಾಲುದಾರಿ:
ಬರುತ್ತದೆ, ಅದಕ್ಕೇ ಹಾಕಬಾರದು. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಎಂದು ಅದು ಜಗಳಕ್ಕೆ ಬರುತ್ತದೆ. ಆ ಹೊತ್ತು ಗೂಡು, ಮರಿ, ಹೊಟ್ಟೆಪಾಡು ಎಲ್ಲ ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತದೆ. ಆ್ಯಪ್ ಕೇಳಿಸಿಕೊಳ್ಳಲು ಮಾತ್ರ ಇರಲಿ. ಮರ್ಲಿನ್ ಎಂಬ ಆ್ಯಪ್ ಆದರೆ ನೀವು ಹೋಗುವ ಪ್ರದೇಶದ ಹಕ್ಕಿಗಳ ಪ್ಯಾಕ್ ಮೊದಲೇ ಇಳಿಸಿಕೊಳ್ಳಿ, ಸಿಗ್ನಲ್ ಇಲ್ಲದಿದ್ದರೂ ನಡೆಯುತ್ತದೆ. ಅದು ಹೇಳಿದ್ದನ್ನೆಲ್ಲ ನಂಬಬೇಡಿ, ಕಣ್ಣಲ್ಲಿ ನೋಡಿದ ಮೇಲೆಯೇ ಬರೆದುಕೊಳ್ಳಿ.

ಸಣ್ಣ ಹಕ್ಕಿಗಳು ಒಂದೇ ಕೊಂಬೆಯ ಸುತ್ತ ಸೇರಿ ಗಲಾಟೆ ಮಾಡುತ್ತಿದ್ದರೆ ಮಾತ್ರ ಬಿಡಬೇಡಿ, ದೂರದಿಂದಲೇ ಹುಡುಕಿ. ಹೆಚ್ಚಾಗಿ ಅಲ್ಲೊಂದು ಗೂಬೆಯೋ ಹಾವೋ ಇರುತ್ತದೆ.

ಎರಡುಮಕ್ಕಳಅಮ್ಮ:
ಇನ್ನೊಂದು ಸೇರಿಸುತ್ತೇನೆ. ಬಯಲಿನಲ್ಲಿ ಹಕ್ಕಿಯೊಂದು ರೆಕ್ಕೆ ಮುರಿದಂತೆ ಎಳೆದುಕೊಂಡು, ನಿಮ್ಮ ಮುಂದೆಯೇ ತೆವಳುತ್ತಾ ಹೋದರೆ ಅದನ್ನು ಹಿಡಿದು ಕಾಪಾಡಲು ಓಡಬೇಡಿ. ನೆಲದ ಮೇಲೆ ಮೊಟ್ಟೆ ಇಡುವ ಕೆಲವು ಹಕ್ಕಿಗಳು ಹಾಗೆ ನಾಟಕ ಮಾಡಿ ನಮ್ಮನ್ನು ಗೂಡಿನಿಂದ ದೂರ ಕರೆದುಕೊಂಡು ಹೋಗುತ್ತವೆ. ಮೊಟ್ಟೆಗಳು ಬೆಣಚುಕಲ್ಲಿನ ಬಣ್ಣದಲ್ಲೇ ಇರುತ್ತವೆ, ಕಾಲಡಿ ಸಿಕ್ಕರೂ ತಿಳಿಯುವುದಿಲ್ಲ. ಮಗನ ಕೈ ಹಿಡಿದು ಅಲ್ಲೇ ನಿಲ್ಲಿ, ಬಂದ ಹೆಜ್ಜೆಯಲ್ಲೇ ನೆಲ ನೋಡುತ್ತಾ ಹಿಂದೆ ಬನ್ನಿ. ಫೋಟೋ ಹಾಕುವುದಿದ್ದರೆ ಜಾಗದ ಹೆಸರು ಬೇಡ, ಫೋನಿನ ಲೊಕೇಶನ್ ಕೂಡ ಆಫ್ ಮಾಡಿ.