ಭಾಮಿನಿಯ ಮೂರನೆಯ ಪಾದದಲ್ಲಿ ಒಂದು ಮಾತ್ರೆ ಕಡಿಮೆ ಬರುವುದೇಕೆ? – ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿಯ ಪ್ರೌಢಶಾಲಾ ಶಿಕ್ಷಕಿ): ಮಕ್ಕಳಿಗೆ ಆರು ಪಾದಗಳ ಭಾಮಿನಿ ಷಟ್ಪದಿ ಕಲಿಸಲು ಕುಮಾರವ್ಯಾಸನ ಗದುಗಿನ ಭಾರತದ ಮೊದಲ ಪದ್ಯವನ್ನೇ ಹಲಗೆಯ ಮೇಲೆ ಬರೆದೆ. ಮೂರನೆಯ ಪಾದದಲ್ಲಿ 23 ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಇರಬೇಕು, ಎಷ್ಟು ಸಲ ಎಣಿಸಿದರೂ 22 ಬರುತ್ತದೆ. ದಯವಿಟ್ಟು ತಿಳಿಸಿ.

ಉತ್ತರ (ಶಿವಮೊಗ್ಗದ ನಿವೃತ್ತ ಕನ್ನಡ ಪ್ರಾಧ್ಯಾಪಕರು): ನಿಮ್ಮ ಎಣಿಕೆ ಸರಿಯಾಗಿಯೇ ಇದೆ. ಪಾದವನ್ನು ಗಣವಾಗಿ, ಅಂದರೆ ಮಾತ್ರೆಗಳ ಗುಂಪಾಗಿ, ಬಿಡಿಸೋಣ:

ಪಾವ | ನನೆಸನ | ಕಾದಿ | ಸಜ್ಜನ | ನಿಕರ | ದಾತಾ | ರ

ಮೂರು, ನಾಲ್ಕು, ಮೂರು, ನಾಲ್ಕು, ಮೂರು, ನಾಲ್ಕು – ಅಲ್ಲಿಗೆ 21. ಉಳಿದ ‘ರ’ ಬರಹದಲ್ಲಿ ಲಘು, ಅಂದರೆ ಒಂದೇ ಮಾತ್ರೆ. ಆದರೆ ಷಟ್ಪದಿಯ ಮೂರನೆಯ ಮತ್ತು ಆರನೆಯ ಪಾದಗಳ ಕೊನೆಯ ಅಕ್ಷರ ಲಘುವಾಗಿದ್ದರೂ ಅದನ್ನು ಗುರುವೆಂದೇ, ಅಂದರೆ ಎರಡು ಮಾತ್ರೆಯೆಂದೇ, ಎಣಿಸಬೇಕು. ಆಗ 23. ಕಾರಣ ಕಿವಿಗೆ ತಿಳಿಯುತ್ತದೆ: ಕಾವ್ಯವನ್ನು ರಾಗವಾಗಿ ಓದುವ ಗಮಕಿ ಅಲ್ಲಿ ಸ್ವರ ಎಳೆದು ನಿಲ್ಲುತ್ತಾನೆ. ಮೊದಲೆರಡು ಪಾದಗಳು ನಿಲ್ಲದೆ ಹರಿದು ಬಂದು ಮೂರನೆಯದರ ಅಂಚಿನಲ್ಲಿ ಉಸಿರು ತೆಗೆದುಕೊಳ್ಳುತ್ತವೆ.

ಒಂದು ಕೋರಿಕೆ. ಲಘು, ಗುರುವಿನ ಗುರುತು ಹಾಕಿಸುವ ಮೊದಲು ಪದ್ಯವನ್ನು ಗಟ್ಟಿಯಾಗಿ ಓದಿಸಿ, ಮಕ್ಕಳು ಕೈತಟ್ಟಲಿ. ಮೂರು–ನಾಲ್ಕರ ನಡೆ ಒಮ್ಮೆ ಕಿವಿಗೆ ಕೂತರೆ ಸೂತ್ರವನ್ನು ಉರುಹೊಡೆಯುವ ಕಷ್ಟವೇ ಇಲ್ಲ. ಶಿವಮೊಗ್ಗದಿಂದ ಕೂಗಳತೆಯಲ್ಲಿರುವ ಹೊಸಹಳ್ಳಿ ಗಮಕದ ಊರು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರು ಅಲ್ಲಿಯವರು. ಇಂಥ ಜಿಲ್ಲೆಯಲ್ಲಿದ್ದೂ ನಮ್ಮ ಮಕ್ಕಳಿಗೆ ಷಟ್ಪದಿಯೆಂದರೆ ಬರೀ ಲೆಕ್ಕವಾಗಿಬಿಟ್ಟಿದೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಪ್ರಶ್ನೆ (ಭದ್ರಾವತಿಯ ಓದುಗರು): ಅದೇ ಪದ್ಯದ ಕೊನೆಯಲ್ಲಿ ‘ವೀರನಾರಯಣ’ ಎಂದಿದೆ. ಮುದ್ರಣದೋಷವೇ?

ಉತ್ತರ: ಅಲ್ಲ. ‘ವೀರ’ ಮೂರು ಮಾತ್ರೆ, ಮುಂದಿನ ಗಣಕ್ಕೆ ನಾಲ್ಕು ಬೇಕು. ‘ನಾರಾಯ’ ಎಂದರೆ ಐದಾಗುತ್ತದೆ, ‘ನಾರಯ’ ಎಂದರೆ ನಾಲ್ಕು. ಕುಮಾರವ್ಯಾಸ ತನ್ನ ಇಷ್ಟದೈವದ ಹೆಸರನ್ನೇ ನಡೆಗೆ ತಕ್ಕಂತೆ ಹ್ರಸ್ವ ಮಾಡಿಕೊಂಡಿದ್ದಾನೆ. ದಯವಿಟ್ಟು ಯಾರೂ ಅದನ್ನು ತಿದ್ದಬೇಡಿ.

ಪ್ರಶ್ನೆ (ಹೊಸನಗರದ ಪದವಿ ವಿದ್ಯಾರ್ಥಿ): ನನಗೆ ಛಂದಸ್ಸಿಗಿಂತ ಪದಗಳೇ ಕಷ್ಟ. ನಿಘಂಟು ತೆರೆದರೂ ಅರ್ಧ ಪದಗಳು ಸಿಗುವುದಿಲ್ಲ. ಯಾವ ನಿಘಂಟು ಕೊಳ್ಳಲಿ?

ಉತ್ತರ: ಕಿಟ್ಟೆಲ್ ನಿಘಂಟು 1894ರದ್ದಾದರೂ ಇಂದಿಗೂ ಕೈಬಿಡುವಂಥದ್ದಲ್ಲ. ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಗ್ರಂಥಾಲಯದಲ್ಲಿ ಸಿಗುತ್ತದೆ. ಆದರೆ ನಿಮ್ಮ ತೊಡಕು ನಿಘಂಟಿಗೂ ಮೊದಲೇ ಶುರುವಾಗಿರಬಹುದು. ಅದೇ ಪದ್ಯದ ಮೊದಲೆರಡು ಪಾದ ನೋಡಿ:

ಶ್ರೀವನಿತೆಯರಸನೆ ವಿಮಲ ರಾ
ಜೀವ ಪೀಠನ ಪಿತನೆ ಜಗಕತಿ

ಎರಡನೆಯ ಸಾಲಿನಿಂದ ‘ಜೀವ ಪೀಠ’ ಎಂದು ಎತ್ತಿಕೊಂಡು ಹುಡುಕಿದರೆ ಯಾವ ನಿಘಂಟೂ ಉತ್ತರ ಕೊಡದು. ಪದ ಮೇಲಿನ ಸಾಲಿನಲ್ಲೇ ಶುರುವಾಗಿದೆ: ರಾಜೀವಪೀಠ, ತಾವರೆಯನ್ನು ಪೀಠವಾಗುಳ್ಳವನು, ಬ್ರಹ್ಮ. ಅವನ ಪಿತ ವಿಷ್ಣು. ‘ಶ್ರೀವನಿತೆಯರಸನೆ’ ಎಂಬಲ್ಲಿ ಶ್ರೀವನಿತೆಯ, ಅರಸನೆ ಎಂದು ಬಿಡಿಸಬೇಕು. ‘ಜಗಕತಿ’ ಮುಂದಿನ ಸಾಲಿನ ‘ಪಾವನನೆ’ಗೆ ಸೇರಿ ಜಗಕೆ ಅತಿಪಾವನನೆ ಎಂದಾಗುತ್ತದೆ. ‘ರಾ’ ಮೇಲಿನ ಸಾಲಿನಲ್ಲೇ ಉಳಿಯಲು ಮಾತ್ರೆಯ ಲೆಕ್ಕ ಒಂದು ಕಾರಣ, ಪ್ರಾಸ ಇನ್ನೊಂದು: ಶ್ರೀವ, ಜೀವ, ಪಾವ – ಪ್ರತಿ ಪಾದದ ಎರಡನೆಯ ಅಕ್ಷರ ‘ವ’ಕಾರ. ಮೊದಲು ಓದಿ, ಆಮೇಲೆ ಪದ ಬಿಡಿಸಿ, ನಿಘಂಟು ಕೊನೆಗೆ. ಇಲ್ಲಿ ನಿಜವಾಗಿ ಹುಡುಕಬೇಕಾದ ಪದ ‘ರಾಜೀವ’ ಒಂದೇ.

ಪ್ರಶ್ನೆ (ಶಿಕಾರಿಪುರದಿಂದ): ವಚನ ಗದ್ಯವೋ ಪದ್ಯವೋ?

ಉತ್ತರ: ಮಾತ್ರೆ, ಗಣಗಳ ಕಟ್ಟಿಲ್ಲ, ಆದ್ದರಿಂದ ಷಟ್ಪದಿಯಂತೆ ಪದ್ಯವಲ್ಲ. ಲಯವಿದೆ, ಪುನರಾವರ್ತನೆಯಿದೆ, ಕೊನೆಗೆ ಅಂಕಿತವಿದೆ, ಹಾಗಾಗಿ ಬರಿಯ ಗದ್ಯವೂ ಅಲ್ಲ. ಅದನ್ನು ಸ್ವತಂತ್ರ ಪ್ರಕಾರವೆಂದೇ ಒಪ್ಪುವುದು ನ್ಯಾಯ. ಉಡುತಡಿಯ ಅಕ್ಕ, ಬಳ್ಳಿಗಾವಿಯ ಅಲ್ಲಮ ಇಬ್ಬರೂ ನಿಮ್ಮ ತಾಲ್ಲೂಕಿನವರು. ‘ಚೆನ್ನಮಲ್ಲಿಕಾರ್ಜುನ’ ಮತ್ತು ‘ಗುಹೇಶ್ವರ’ ಅಂಕಿತದ ವಚನಗಳನ್ನು ಒಟ್ಟಿಗಿಟ್ಟು ಓದಿ ನೋಡಿ, ಒಂದೇ ಪ್ರಕಾರದಲ್ಲಿ ಎರಡು ಬೇರೆ ಉಸಿರು ಕೇಳಿಸುತ್ತದೆ.

ಪ್ರಶ್ನೆ (ಸಾಗರದ ಅಡಿಕೆ ಬೆಳೆಗಾರರು): ಯಕ್ಷಗಾನದಲ್ಲಿ ಭಾಗವತರು ‘ಭಾಮಿನಿ’ ಎಂದು ಹಾಡುತ್ತಾರಲ್ಲ, ಅದೂ ಇದೇನಾ? ವಾರ್ಧಕ ಬಂದರೆ ಗುರುತಿಸುವುದು ಹೇಗೆ?

ಉತ್ತರ: ಅದೇ ಭಾಮಿನಿ. ಪ್ರಸಂಗಕರ್ತರು ಷಟ್ಪದಿಗಳನ್ನೂ ಕಂದ, ದ್ವಿಪದಿಗಳನ್ನೂ ಧಾರಾಳವಾಗಿ ಬಳಸಿದ್ದಾರೆ. ವಾರ್ಧಕವೂ ಒಂದು ಷಟ್ಪದಿ, ಅದರಲ್ಲಿ ಐದೈದು ಮಾತ್ರೆಯ ಗಣ. ಚಿಕ್ಕ ಪಾದಕ್ಕೆ 20, ಮೂರು ಮತ್ತು ಆರನೆಯ ಪಾದಕ್ಕೆ 32 ಮಾತ್ರೆ. ರಾಘವಾಂಕನ ಹರಿಶ್ಚಂದ್ರ ಕಾವ್ಯ, ಲಕ್ಷ್ಮೀಶನ ಜೈಮಿನಿ ಭಾರತ ಇದರಲ್ಲಿವೆ. ಆಟದಲ್ಲಿ ಇಂಥ ಪದ್ಯಗಳನ್ನು ಭಾಗವತರು ತಾಳವಿಲ್ಲದೆ ಎಳೆದು ಹಾಡುವುದುಂಟು, ಆಗ ಗಣ ಹಿಡಿಯುವುದು ಸುಲಭವಲ್ಲ. ಪ್ರಸಂಗದ ಪುಸ್ತಕ ತೆಗೆದುಕೊಂಡು ಮನೆಯಲ್ಲಿ ನೀವೇ ಬೆರಳಲ್ಲಿ ತಟ್ಟುತ್ತಾ ಓದಿ. ಐದರ ನಡೆ ಬಂದರೆ ವಾರ್ಧಕ, ಮೂರು–ನಾಲ್ಕು ಬಂದರೆ ಭಾಮಿನಿ. ಎರಡೂ ಹೊಂದದಿದ್ದರೆ ಆ ಪದ್ಯವನ್ನು ಇಲ್ಲಿ ಬರೆಯಿರಿ, ಸೇರಿ ಬಿಡಿಸೋಣ.