ಸಾಕುಮೀನಿನ ಬ್ಯಾಕ್ಟೀರಿಯಾ ರೋಗ: ಲ್ಯಾಬುಗಳು ಕೈಜೋಡಿಸಿದರೆ ಕೊಳಕ್ಕೆ ಏನು ಸಿಗುತ್ತದೆ?

ಪ್ರಶ್ನೆ: ಮೀನಿನ ಬ್ಯಾಕ್ಟೀರಿಯಾ ರೋಗಗಳ ಮೇಲೆ ನಾಲ್ಕೈದು ದೇಶದ ವಿಜ್ಞಾನಿಗಳು ಸೇರಿ ಕೆಲಸ ಮಾಡುತ್ತಿದ್ದಾರೆ ಅಂತ ಆಗಾಗ ಓದುತ್ತೇವೆ. ಮೀನು ಸಾಯುವುದು ನಮ್ಮ ಕೊಳದಲ್ಲಿ. ಎಲ್ಲೋ ದೂರದ ಲ್ಯಾಬಿಗೂ ಇದಕ್ಕೂ ಏನು ಸಂಬಂಧ? ಸುಮ್ನೆ ಪೇಪರ್ ಬರೆಯೋಕೆ ಅಲ್ವಾ?

ಉತ್ತರ (ಮೀನಿನ ಆರೋಗ್ಯ ವಿಭಾಗದ ಸೂಕ್ಷ್ಮಜೀವಿ ತಜ್ಞೆ): ಪೇಪರ್‌ಗೋಸ್ಕರ ಮಾತ್ರ ಸೇರುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ವಿಯೆಟ್ನಾಂನಲ್ಲಿ ನಡೆದದ್ದನ್ನು ಕೇಳಿ. 1990ರ ದಶಕದ ಕೊನೆಗೆ ಅಲ್ಲಿನ ಮೆಕಾಂಗ್ ನದಿ ಪ್ರದೇಶದ ಪಂಗಾಸಿಯಸ್ ಮೀನುಗಳಲ್ಲಿ ಹೊಸ ರೋಗ ಶುರುವಾಯಿತು. ಹೊರಗಿನಿಂದ ನೋಡಿದರೆ ಹೆಚ್ಚೇನೂ ಕಾಣದು. ಹೊಟ್ಟೆ ಕೊಯ್ದರೆ ಮೂತ್ರಪಿಂಡ, ಪಿತ್ತಜನಕಾಂಗ, ಗುಲ್ಮದ ತುಂಬ ಬಿಳಿ ಚುಕ್ಕೆ. ಅಲ್ಲಿನ ವಿಜ್ಞಾನಿಗಳೂ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದವರೂ ಸೇರಿ ಹುಡುಕಿದರು. ಸಿಕ್ಕಿದ್ದು ಎಡ್ವರ್ಡ್ಸಿಯೆಲ್ಲ ಇಕ್ಟಾಲುರಿ. 2002ರಲ್ಲಿ ಅದನ್ನು ಪ್ರಕಟಿಸಿದರು.

ಈ ಬ್ಯಾಕ್ಟೀರಿಯಾ ಹೊಸದೇನಲ್ಲ. ಅಮೆರಿಕದ ಚಾನೆಲ್ ಕ್ಯಾಟ್‌ಫಿಶ್ ಕೊಳಗಳಲ್ಲಿ 1970ರ ದಶಕದಲ್ಲೇ ಕಂಡಿತ್ತು. ಇದು ತುಂಬ ನಿಧಾನವಾಗಿ ಬೆಳೆಯುತ್ತದೆ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿ ಸೂಜಿಮೊನೆಯಷ್ಟು ಸಣ್ಣ ಚುಕ್ಕೆ ಕಾಣಲು ಎರಡು ದಿನ ಬೇಕು. ಅಷ್ಟರಲ್ಲಿ ಏರೊಮೊನಾಸ್‌ನಂಥ ಚುರುಕು ಬ್ಯಾಕ್ಟೀರಿಯಾ ತಟ್ಟೆ ಪೂರ್ತಿ ಆವರಿಸಿಬಿಟ್ಟಿರುತ್ತದೆ. ಅದನ್ನೇ ನೋಡಿ ತಪ್ಪು ವರದಿ ಬರೆಯುವುದು ಸುಲಭ. ಒಂದು ಕಡೆಯವರು ವರ್ಷಗಟ್ಟಲೆ ಒದ್ದಾಡಿ ಕಲಿತದ್ದನ್ನು ಇನ್ನೊಂದು ಕಡೆಯವರು ಮೊದಲಿಂದ ಕಲಿಯಬೇಕಿಲ್ಲ. ನನ್ನ ಲೆಕ್ಕದಲ್ಲಿ ಸಹಯೋಗದ ದೊಡ್ಡ ಲಾಭ ಇದೇ.

ಪ್ರಶ್ನೆ: ನಮ್ಮ ವರದಿಯಲ್ಲಿ ‘ಏರೊಮೊನಾಸ್ ಹೈಡ್ರೊಫಿಲ’ ಅಂತಲೇ ಬಂದಿದೆ. ಅಷ್ಟು ಸಾಲದೇ?

ಉತ್ತರ: ಸಾಲದು. ಏರೊಮೊನಾಸ್ ಸಿಹಿನೀರಿನಲ್ಲಿ ಎಲ್ಲಾ ಕಡೆ ಇರುತ್ತದೆ. ಸತ್ತ ಮೀನಿನ ಮೈಮೇಲೆ ಅದು ಸಿಕ್ಕಿತು ಅಂದರೆ ಅದೇ ಕೊಂದಿತು ಅಂತ ಅರ್ಥವಲ್ಲ. ಹೆಸರಿನ ಜೊತೆಗೆ ಅದರ ತಳಿ, ಅಂದರೆ ಅದೇ ಪ್ರಭೇದದೊಳಗಿನ ಒಳವಿಧ, ಯಾವುದು ಅನ್ನುವುದು ಮುಖ್ಯ.

2009ರಲ್ಲಿ ಅಮೆರಿಕದ ಅಲಬಾಮದ ಕ್ಯಾಟ್‌ಫಿಶ್ ಕೊಳಗಳಲ್ಲಿ ಈ ಹೈಡ್ರೊಫಿಲ ಭಾರೀ ಸಾವು ತಂದಿತು. ಸಾಮಾನ್ಯವಾಗಿ ಇದು ದಣಿದ, ಗಾಯಗೊಂಡ ಮೀನಿಗೆ ತಗಲುವಂಥದ್ದು. ಅಲ್ಲಿ ಮಾತ್ರ ಮಾರಾಟಕ್ಕೆ ಸಿದ್ಧವಾದ ದಷ್ಟಪುಷ್ಟ ಮೀನುಗಳೇ ಹೋದವು. ಆಮೇಲೆ ಜೀನೋಮ್ (ಅದರ ಪೂರ್ತಿ ಡಿಎನ್‌ಎ) ಓದಿ ಹೋಲಿಸಿದಾಗ ಆ ತಳಿ ಚೀನಾದ ಕಾರ್ಪ್ ಮೀನಿನಿಂದ ತೆಗೆದಿದ್ದ ತಳಿಗೆ ತೀರಾ ಹತ್ತಿರದ್ದು ಅಂತ ಗೊತ್ತಾಯಿತು. ಹೋಲಿಸಲು ಆ ಚೀನಾದ ತಳಿ ಇತ್ತಲ್ಲ, ಅದು ನೋಡಿ ವಿಷಯ. ಯಾರೋ ಅದನ್ನು ಗ್ಲಿಸರಾಲ್‌ನಲ್ಲಿ ಬೆರೆಸಿ, ಮೈನಸ್ 80 ಡಿಗ್ರಿಯಲ್ಲಿ ಇಟ್ಟು, ಎಲ್ಲಿ ಯಾವ ಮೀನಿನಿಂದ ತೆಗೆದದ್ದು ಅಂತ ಬರೆದಿಟ್ಟಿದ್ದರೇ ಇಂಥ ಹೋಲಿಕೆ ಆಗುವುದು. ಈ ಕೆಲಸಕ್ಕೆ ಯಾರೂ ಬಹುಮಾನ ಕೊಡುವುದಿಲ್ಲ.

ಪ್ರಶ್ನೆ: ಕಾಲಮ್ನಾರಿಸ್ ಅಂತ ಹೇಳುತ್ತಿದ್ದವರು ಈಗ ‘ಫ್ಲೇವೊಬ್ಯಾಕ್ಟೀರಿಯಂ ಕೋವೇ’ ಅಂತ ಬರೆದಿದ್ದಾರೆ. ರೋಗ ಬದಲಾಯಿತೇ?

ಉತ್ತರ: ಇಲ್ಲ. ಕಾಲಮ್ನಾರಿಸ್ ರೋಗ ತರುವ ಬ್ಯಾಕ್ಟೀರಿಯಾ ಒಂದೇ ಅಂದುಕೊಂಡಿದ್ದನ್ನು 2022ರಲ್ಲಿ ನಾಲ್ಕು ಪ್ರಭೇದಗಳಾಗಿ ಬೇರ್ಪಡಿಸಿದರು. ಕೊಳೆತ ಕಿವಿರು, ಬೆನ್ನಿನ ಮೇಲಿನ ಬಿಳಚು ಪಟ್ಟಿ ಮೊದಲಿನಂತೆಯೇ. ಹಳೆಯ ವರದಿ ಎಸೆಯಬೇಡಿ.

ಪ್ರಶ್ನೆ: ಒಂದೇ ಕೊಳದ ಮೀನು. ಒಂದು ಲ್ಯಾಬು ಈ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ ಅಂದಿತು, ಇನ್ನೊಂದು ಮಾಡಲ್ಲ ಅಂದಿತು. ಯಾರನ್ನು ನಂಬುವುದು?

ಉತ್ತರ: ಇಬ್ಬರೂ ಹೇಗೆ ಪರೀಕ್ಷೆ ಮಾಡಿದರು ಅಂತ ಮೊದಲು ಕೇಳಿ. ಮನುಷ್ಯರ ಮಾದರಿ ನೋಡುವ ಲ್ಯಾಬಿನಲ್ಲಿ ತಟ್ಟೆಯನ್ನು 35 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ಮೀನಿನ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟನ್ನು 22 ಅಥವಾ 28 ಡಿಗ್ರಿಯಲ್ಲಿ ಪರೀಕ್ಷಿಸಬೇಕು. ಕಾಲಮ್ನಾರಿಸ್ ಗುಂಪಿನದಕ್ಕೆ ಮಾಮೂಲಿ ಮ್ಯುಲ್ಲರ್-ಹಿಂಟನ್ ಮಾಧ್ಯಮ (ತಟ್ಟೆಯಲ್ಲಿ ಬ್ಯಾಕ್ಟೀರಿಯಾಗೆ ಕೊಡುವ ಆಹಾರ) ಒಗ್ಗುವುದಿಲ್ಲ, ತೆಳುವಾಗಿಸಿದ್ದು ಬೇಕು. ತಾಪಮಾನ, ಮಾಧ್ಯಮ, ಕಾದ ಗಂಟೆ ಇವು ಬೇರೆಯಾದರೆ ಔಷಧದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಮೂಡುವ ಖಾಲಿ ವೃತ್ತದ ಅಳತೆಯೂ ಬೇರೆಯಾಗುತ್ತದೆ. ಔಷಧ ಕೆಲಸ ಮಾಡುತ್ತದೋ ಇಲ್ಲವೋ ಅಂತ ಹೇಳುವುದು ಆ ಅಳತೆ ನೋಡಿಯೇ.

ಅದಕ್ಕೇ ನೀರಿನ ಪ್ರಾಣಿಗಳ ಬ್ಯಾಕ್ಟೀರಿಯಾಗಳಿಗೆ ಅಂತಾರಾಷ್ಟ್ರೀಯ ಪರೀಕ್ಷಾ ಮಾನದಂಡ ಇರುವುದು. ಪ್ರತಿ ಪರೀಕ್ಷೆಯ ಜೊತೆಗೂ ಮೊದಲೇ ಉತ್ತರ ಗೊತ್ತಿರುವ ಒಂದು ತಳಿಯನ್ನು ಇಡಬೇಕು. ಅದರ ಅಳತೆಯೇ ತಪ್ಪಿದರೆ ಆ ದಿನದ ಫಲಿತಾಂಶ ಯಾವುದೂ ಲೆಕ್ಕಕ್ಕಿಲ್ಲ. ನನಗೆ ಕೇಳಿದರೆ, ದೊಡ್ಡ ಸಮ್ಮೇಳನಗಳಿಗಿಂತ ನಾಲ್ಕು ಲ್ಯಾಬು ಒಂದೇ ತಳಿಯನ್ನು ಹಂಚಿಕೊಂಡು ಉತ್ತರ ತಾಳೆ ನೋಡುವುದು ಜಾಸ್ತಿ ಉಪಯೋಗ.

ಪ್ರಶ್ನೆ: ಲಸಿಕೆ ಬಂದರೆ ಈ ತಲೆನೋವೇ ಇರಲ್ಲ ಅಲ್ವಾ?

ಉತ್ತರ: ನಾರ್ವೆಯ ಸಾಲ್ಮನ್ ಸಾಕಣೆಯಲ್ಲಿ ಬಹಳ ಮಟ್ಟಿಗೆ ಹಾಗೆ ಆಯಿತು. 1987ರಲ್ಲಿ ಅಲ್ಲಿ ಸುಮಾರು 50 ಟನ್ ಆಂಟಿಬಯೋಟಿಕ್ ಬಳಸಿದ್ದರು. 1990ರ ದಶಕದಲ್ಲಿ ಒಳ್ಳೆಯ ಚುಚ್ಚುಮದ್ದು ಬಂದ ಮೇಲೆ ಅದು ಕುಸಿಯಿತು. ಮೀನಿನ ಉತ್ಪಾದನೆ ಹಲವು ಪಟ್ಟು ಏರಿದರೂ ಈಚಿನ ವರ್ಷಗಳಲ್ಲಿ ಬಳಕೆ 1 ಟನ್‌ಗೂ ಕಡಿಮೆ.

ಆದರೆ ಲಸಿಕೆ ತಳಿ ನೋಡಿ ಕೆಲಸ ಮಾಡುತ್ತದೆ. ತಿಲಾಪಿಯವನ್ನು ಕಾಡುವ ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆಯಲ್ಲಿ ಮೇಲ್ಕವಚದ ವಿಧಗಳಿವೆ: 1ಎ, 1ಬಿ, 3. ಒಂದರ ಲಸಿಕೆ ಇನ್ನೊಂದನ್ನು ಸರಿಯಾಗಿ ತಡೆಯುತ್ತದೆ ಅನ್ನುವ ಭರವಸೆ ಇಲ್ಲ. ನಿಮ್ಮ ಭಾಗದಲ್ಲಿ ಓಡಾಡುತ್ತಿರುವುದು ಯಾವುದು ಅಂತ ತಿಳಿಯದೆ ಲಸಿಕೆ ಹಾಕಿ ಏನು ಪ್ರಯೋಜನ? ಇದೇ ಬ್ಯಾಕ್ಟೀರಿಯಾದ 283 ಸಂಖ್ಯೆಯ ತಳಿ 2015ರಲ್ಲಿ ಸಿಂಗಪುರದಲ್ಲಿ ಹಸಿ ಸಿಹಿನೀರು ಮೀನು ತಿಂದ ಜನರಿಗೂ ತಗಲಿತು. ಆಗ ಮೀನಿನ ವೈದ್ಯರೂ ಮನುಷ್ಯರ ವೈದ್ಯರೂ ಮಾಹಿತಿ ಹಂಚಿಕೊಳ್ಳಲೇಬೇಕಾಯಿತು.

ಪ್ರಶ್ನೆ: ಹಾಗಾದರೆ ನಾನೇ ಹೊರದೇಶದ ಲ್ಯಾಬಿಗೆ ಮೀನು ಕಳಿಸಬಹುದೇ?

ಉತ್ತರ: ದಯವಿಟ್ಟು ಬೇಡ. ರೋಗಾಣು ಗಡಿ ದಾಟಲು ಎರಡೂ ಕಡೆಯ ಅನುಮತಿ, ನಿಯಮದ ಪ್ಯಾಕಿಂಗ್ ಬೇಕು. 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದವೂ ಇದೆ. ಒಂದು ದೇಶದ ಜೀವಿಯಿಂದ ಲಾಭ ಬಂದರೆ ಆ ದೇಶಕ್ಕೂ ಪಾಲು ಸಿಗಬೇಕು ಅನ್ನುವುದು ಅದರ ತಿರುಳು. ಕಾಗದಪತ್ರಕ್ಕೆ ತಿಂಗಳುಗಳೇ ಹಿಡಿಯಬಹುದು. ಎಷ್ಟೋ ಸಲ ಬ್ಯಾಕ್ಟೀರಿಯಾ ಊರಲ್ಲೇ ಉಳಿದು, ಅದರ ಡಿಎನ್‌ಎ ಮಾಹಿತಿ ಮಾತ್ರ ಪ್ರಯಾಣ ಮಾಡುತ್ತದೆ.

ನೀವು ಹತ್ತಿರದ ಲ್ಯಾಬಿಗೆ ಒಳ್ಳೆಯ ಮಾದರಿ ಕೊಡಿ. ಸತ್ತು ತೇಲುವ ಮೀನು ಬೇಡ, ಸುತ್ತು ಹಾಕುತ್ತ, ಮೇವು ಬಿಟ್ಟು ಒದ್ದಾಡುತ್ತಿರುವುದು ಬೇಕು. ಔಷಧ ಹಾಕುವ ಮೊದಲೇ ಹಿಡಿಯಿರಿ. ಚೀಲದಲ್ಲಿ ಕಟ್ಟಿ ಐಸ್ ಮೇಲೆ ಇಟ್ಟು ಅದೇ ದಿನ ತಲುಪಿಸಿ. ಕಣ್ಣು ಉಬ್ಬಿ ಗಿರಕಿ ಹೊಡೆಯುತ್ತಿದ್ದರೆ ಮಿದುಳಿನಿಂದಲೂ ಮಾದರಿ ತೆಗೆಯಲು ಹೇಳಿ, ಸ್ಟ್ರೆಪ್ಟೊಕಾಕಸ್ ಅಲ್ಲೇ ಚೆನ್ನಾಗಿ ಸಿಗುತ್ತದೆ. ನೀರಿನ ತಾಪಮಾನ, ಮರಿ ಎಲ್ಲಿಂದ ತಂದದ್ದು, ಸಾವು ಯಾವಾಗ ಶುರುವಾಯಿತು ಅಂತ ಚೀಟಿಯಲ್ಲಿ ಬರೆಯಿರಿ. ಈ ಚೀಟಿ ಇಲ್ಲದ ತಳಿ ಫ್ರೀಜರಿನಲ್ಲಿ ಇದ್ದರೂ ಹೋಲಿಕೆಗೆ ಅರ್ಧ ಉಪಯೋಗ ಅಷ್ಟೇ.

ಪ್ರಶ್ನೆ: ನಮ್ಮ ಫಾರ್ಮಿನ ಹೆಸರು ಹೊರಗೆ ಬಂದರೆ ವ್ಯಾಪಾರ ಹೋಗುತ್ತದೆ. ಆ ಭಯಕ್ಕೇ ಯಾರೂ ಕೊಡಲ್ಲ.

ಉತ್ತರ: ಭಯ ಸರಿಯಾದದ್ದೇ. ಕೊಡುವ ಮೊದಲೇ ಕೇಳಿ: ಫಾರ್ಮಿಗೆ ಹೆಸರಿನ ಬದಲು ಸಂಕೇತ ಕೊಡುತ್ತೀರಾ, ಫಲಿತಾಂಶ ಮೊದಲು ನನಗೆ ಸಿಗುತ್ತದಾ, ತಳಿಯನ್ನು ಯಾರ ಜೊತೆ ಹಂಚುತ್ತೀರಿ? ಬರಹದಲ್ಲಿ ಉತ್ತರ ಕೊಡದವರಿಗೆ ಮಾದರಿ ಕೊಡಬೇಡಿ. ಒಂದು ಮಾತ್ರ ನೆನಪಿರಲಿ, ಸರ್ಕಾರಕ್ಕೆ ತಿಳಿಸಲೇಬೇಕು ಅಂತ ಕಾನೂನು ಪಟ್ಟಿ ಮಾಡಿರುವ ರೋಗ ಸಿಕ್ಕಿದರೆ ಲ್ಯಾಬು ಅದನ್ನು ಮುಚ್ಚಿಡುವಂತಿಲ್ಲ.

ಪ್ರಶ್ನೆ: ಹೋದ ತಿಂಗಳು ಸತ್ತ ಮೀನು ಫ್ರೀಜರಿನಲ್ಲಿ ಇಟ್ಟಿದ್ದೇನೆ. ತರಲೇ?

ಉತ್ತರ: ಬ್ಯಾಕ್ಟೀರಿಯಾ ಬೆಳೆಸಲು ಅದು ಅಷ್ಟಾಗಿ ಬಾರದು. ಪಿಸಿಆರ್‌ನಲ್ಲಿ (ಡಿಎನ್‌ಎ ಹುಡುಕುವ ಪರೀಕ್ಷೆ) ಏನಾದರೂ ಸಿಗಬಹುದು, ತನ್ನಿ. ಆದರೆ ಈಗ ಕೊಳದಲ್ಲಿ ನಿಧಾನವಾಗಿರುವ ಮೀನು ಕಂಡರೆ ಅದನ್ನೂ ಜೊತೆಗೆ ತನ್ನಿ.